ಪುಟ್ಟತಾಯಮ್ಮನ ಅಂಗುಸ್ತಾನ

ಪುಟ್ಟತಾಯಮ್ಮನಿಗೆ ಸಿಟ್ಟು ಬಂದರೆ ಬಾಯಿಗಿಂತ ಮೊದಲು ಬೆರಳು ಸದ್ದು ಮಾಡುತ್ತಿತ್ತು. ಬಲಗೈಯ ನಡುಬೆರಳ ತುದಿಗೆ ಸಣ್ಣದೊಂದು ಹಿತ್ತಾಳೆ ಟೋಪಿ. ಅದರಿಂದ ಹಲಗೆಯನ್ನು ಟಕಟಕ ಕುಟ್ಟಿದಳೆಂದರೆ ಪಾಂಡವಪುರದ ಆ ಓಣಿಯ ದರ್ಜಿಗಳೆಲ್ಲ ಮಿಷನ್ನು ನಿಲ್ಲಿಸಿ ಕಿವಿಗೊಡುತ್ತಿದ್ದರು. ಯಾರೋ ಅಂಗಿಯ ಕಾಜಾವನ್ನು ಓರೆಯಾಗಿ ಕತ್ತರಿಸಿ ಕಳಿಸಿದ್ದಾರೆ ಎಂದು ಅದರ ಅರ್ಥ. ಅವರೆಲ್ಲ ಹೊಲಿದ ಅಂಗಿಗಳಿಗೆ ಕೈಯಲ್ಲೇ ಕಾಜಾ ಹಾಕಿ ಗುಂಡಿ ಕೂರಿಸುವುದು ಆಕೆಯ ಕಸುಬು. ನಾನು ಆಕೆಯ ಪಕ್ಕದ ಮನೆಯವನು, ಹೈಸ್ಕೂಲಿನ ಕನ್ನಡ ಮೇಷ್ಟ್ರು.

ಹೊಲಿಯುವಾಗ ಸೂಜಿ ಚುಚ್ಚದಂತೆ ತೊಡುವ ಆ ಟೋಪಿಗೆ ಆಕೆ ಅಂಗುಸ್ತಾನ ಎನ್ನುತ್ತಿದ್ದಳು. ಶ್ರೀರಂಗಪಟ್ಟಣದಲ್ಲಿ ಆಕೆಗೆ ಕೈಹೊಲಿಗೆ ಕಲಿಸಿದ ಸಾಬರೊಬ್ಬರಿಂದ ಬಂದ ಮಾತಂತೆ. ಅದನ್ನು ಆಕೆ ಎಲ್ಲೆಲ್ಲಿಗೋ ಹಚ್ಚುತ್ತಿದ್ದಳು. ಜಾಸ್ತಿ ಮಾತಾಡುವವರಿಗೆ, "ಬಾಯ್ಗೂ ಒಂದು ಅಂಗುಸ್ತಾನ ಆಕ್ಕಳ್ಲಾ!" ಗಂಡ ತೀರಿಕೊಂಡಾಗ ಸಮಾಧಾನ ಹೇಳಲು ಹೋದ ನನಗೆ, "ಮನಸ್ಗೆ ಅಂಗುಸ್ತಾನ ಎಲ್ಲದೆ ಮೇಷ್ಟ್ರೇ? ಚುಚ್ಚುಸ್ಕಬೇಕು, ಅಷ್ಟೆಯ."

ನನಗೋ ತಿದ್ದುವ ಚಟ. ಅದಕ್ಕೆ ನಮ್ಮಲ್ಲಿ ಒಳ್ಳೆಯ ಹಳೆಯ ಪದವಿದೆ, ಅಂಗುಲಿತ್ರಾಣ ಎಂದೆ.

"ಅದೆಂಗಿರ್ತದೆ?"

"ಬಿಲ್ಲುಗಾರರು ಬೆರಳಿಗೆ ಕಟ್ಟಿಕೊಳ್ಳುತ್ತಿದ್ದ ಚರ್ಮದ ಕವಚ."

"ಸೂಜಿ ತಡೀತದಾ?"

"ಹೆದೆಯ ಏಟು ತಡೆಯುತ್ತದೆ."

"ಅಂಗಾರೆ ಅದು ಬ್ಯಾರೆ, ಇದು ಬ್ಯಾರೆ. ಅದರ ಎಸರ್ನ ಇದಕ್ಯಾಕೆ ಕಟ್ತೀರಿ?"

ಸೋತ ಸಿಟ್ಟಿಗೆ ಎರಡು ದಿನ ಆಕೆಯ ಮನೆ ಕಡೆ ಹೋಗಲಿಲ್ಲ.

ವರ್ಷಗಟ್ಟಲೆ ಸೂಜಿಯ ತಲೆ ಒತ್ತಿ ಒತ್ತಿ ಕಳೆದ ವರ್ಷ ಅಂಗುಸ್ತಾನಕ್ಕೇ ತೂತು ಬಿತ್ತು. "ನೀವು ಊರೂರು ತಿರುಗ್ತೀರಲ್ಲಾ, ಒಂದು ತಂದ್ಕೊಡಿ" ಎಂದಳು. ಟ್ರೈನಿಂಗಿಗೆಂದು ಕೆ.ಆರ್. ಪೇಟೆಗೆ ಹೋದಾಗ ಕೇಳಿದೆ. ಫ್ಯಾನ್ಸಿ ಸ್ಟೋರಿನವನು ಉಂಗುರದ ಡಬ್ಬಿ ತೆರೆದ. ಮೆಡಿಕಲ್ಲಿನವನು ಬೆರಳಿಗೆ ತೊಡಿಸುವ ರಬ್ಬರ್ ಚೀಲ ಕೊಟ್ಟ. ಬಟ್ಟೆ ಅಂಗಡಿಯವನು, "ಯಾವ್ ಕಂಪ್ನೀದು ಸಾ ಅದು?" ಎಂದ. ಶ್ರೀರಂಗಪಟ್ಟಣದಲ್ಲಿ ಆ ಸಾಬರ ಅಂಗಡಿಯಿದ್ದ ಜಾಗದಲ್ಲಿ ರೆಡಿಮೇಡ್ ಬಟ್ಟೆ ನೇತಾಡುತ್ತಿತ್ತು. ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಬಣ್ಣ ಕಟ್ಟಿ ಹೇಳಿ ನಗಿಸಿದೆ. ಮೈಸೂರಿಗೆ ಹೋಗಿ ಹುಡುಕಬಹುದಿತ್ತು. ಹೋಗಲಿಲ್ಲ. ಪ್ರತಿ ವಾರ ಆಕೆ ಕೇಳುವುದು, ನಾನು "ಈ ಸಲ ಖಂಡಿತ" ಎನ್ನುವುದು.

ಆಕೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊಲಿಯತೊಡಗಿದಳು. ಸೂಜಿಯ ತಲೆ ಬಟ್ಟೆ ದಾಟಿ ಉಗುರ ಬುಡಕ್ಕೆ ಇಳಿಯಿತು. ಸಕ್ಕರೆ ಕಾಯಿಲೆಯ ಮೈ. ಯಾರಿಗೂ ತೋರಿಸಲಿಲ್ಲ. ನಾನು ಬೆರಳು ನೋಡುವಷ್ಟರಲ್ಲಿ ಅದು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಇದೇನಿದು ಪುಟ್ಟತಾಯಮ್ಮ!"

"ಸೂಜಿ ಮುತ್ಕೊಟ್ಟದೆ ಬುಡಿ. ಮದ್ವೆ ಅಂಗಿಗಳವೆ, ಕೊಟ್ಬುಡಾನ."

ನಾಗಮಂಗಲದ ಕಡೆಯ ಆಸ್ಪತ್ರೆಗೆ ಕಾರು ಮಾಡಿ ಕರೆದೊಯ್ದೆ. ಬೆರಳಿನ ಮೇಲಿನ ಗೆಣ್ಣು ತೆಗೆಯಬೇಕೆಂದರು. ಆಕೆಯನ್ನು ಒಳಗೆ ಕರೆದೊಯ್ದ ಮೇಲೆ ನರ್ಸಮ್ಮ ಚೀಟಿ ಬರೆಯುತ್ತ, ಹೇಗಾಯಿತು ಎಂದು ಕೇಳಿದರು.

"ಅಂಗುಸ್ತಾನ ಇರಲಿಲ್ಲ" ಎಂದೆ.

"ಏನಿರ್ಲಿಲ್ಲ?"

ನಾನು ಶುರು ಮಾಡಿದೆ. ಪಾರಸಿಯಲ್ಲಿ ಅಂಗುಷ್ತ್ ಎಂದರೆ ಬೆರಳು, ಅಲ್ಲಿಂದ ಉರ್ದುವಿಗೆ, ಉರ್ದುವಿನಿಂದ ನಮ್ಮ ದರ್ಜಿಗಳ ಬಾಯಿಗೆ. ನರ್ಸಮ್ಮ ಪೆನ್ನು ಎತ್ತಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಬಾಗಿಲ ಆಚೆ ಪುಟ್ಟತಾಯಮ್ಮನ ಬೆರಳು ಕತ್ತರಿಸುತ್ತಿದ್ದಾರೆ, ಈಚೆ ನಾನು ಪಾಠ ಮಾಡುತ್ತಿದ್ದೇನೆ! ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಆ ಪದದ ಹುಟ್ಟು, ಅರ್ಥ, ಬಳಕೆ ಎಲ್ಲ ನನಗೆ ಗೊತ್ತಿತ್ತು. ಆ ಸಾಮಾನೊಂದನ್ನು ತಂದುಕೊಡಲು ಆಗಿರಲಿಲ್ಲ.

ಆಮೇಲೆ ಫೋನಿನಲ್ಲಿ ಅದರ ಇಂಗ್ಲಿಷ್ ಹೆಸರು ಹಾಕಿ ಥಿಂಬಲ್ ಎಂದು ಹುಡುಕಿದರೆ ಸಾಲುಸಾಲಾಗಿ ಬಂದವು. ಒಂದನ್ನು ತರಿಸಿದೆ, ಮೂರು ದಿನಕ್ಕೆ ಮನೆಗೇ ತಲುಪಿತು.

ಆಕೆಯನ್ನು ಕೊನೆಯ ಸಲ ನೋಡಿದ್ದು ಅದನ್ನು ಕೊಡಲು ಹೋದಾಗ, ಆಕೆ ಸುಧಾರಿಸಿಕೊಳ್ಳುತ್ತಿದ್ದ ತೊಣ್ಣೂರಿನ ಮಗಳ ಮನೆಯಲ್ಲಿ. ಅದಾಗಿ ಎರಡು ತಿಂಗಳಿಗೆ ಎದೆನೋವು ಬಂದು ತೀರಿಕೊಂಡಳು. ಯಾಕೆ ಕೊಡಲು ಹೋದೆನೋ, ಇವತ್ತಿಗೂ ತಿಳಿಯದು. ಆಕೆ ಬಯ್ಯಲಿಲ್ಲ. ಎಡಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ತಲೆ ಮ್ಯಾಲೆ ಗುಳಿಗಳೇ ಇಲ್ವಲ್ಲ ಮೇಷ್ಟ್ರೇ. ಸೂಜಿ ನಿಲ್ಲಕ್ಕಿಲ್ಲ, ಜಾರ್ತದೆ. ಇದು ಸೋಕಿಗೆ ಮಾಡಿರದು."

ಅದೂ ತಪ್ಪು!

"ಇರ್ಲಿ, ಉಂಡ್ಕಂಡೋಗಿ" ಎಂದಳು. ಮಗಳು ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ಬಲಗೈಗೆ ಇನ್ನೂ ದಪ್ಪ ಪಟ್ಟಿಯಿತ್ತು. ಪುಟ್ಟತಾಯಮ್ಮ ಎಡಗೈಯಲ್ಲಿ ಸ್ಪೂನು ಹಿಡಿದು ಮುದ್ದೆ ಮುರಿಯಲು ನೋಡಿದಳು. ಅದು ತಟ್ಟೆಯ ಅಂಚಿಗೆ ಜಾರಿತು. ಎಳೆದುಕೊಂಡು ಮತ್ತೆ ಒತ್ತಿದಳು, ಮತ್ತೆ ಜಾರಿತು. ಮಗಳು ಕೈ ಚಾಚಿದಾಗ "ಬುಡೇ!" ಎಂದು ಗದರಿದಳು. ಅರಿವಿಲ್ಲದೆ ನನ್ನ ಕೈಯೂ ಮುಂದೆ ಹೋಗಿತ್ತು.

"ಮೇಷ್ಟ್ರೇ, ನೀವು ನಿಮ್ ತಟ್ಟೆ ನೋಡ್ಕಳಿ" ಎಂದಳು.

ನೋಡಿಕೊಂಡೆ. ಆಕೆಯ ಸ್ಪೂನು ತಟ್ಟೆಗೆ ಬಡಿಯುತ್ತಲೇ ಇತ್ತು, ನನ್ನ ಊಟ ಮುಗಿಯುವವರೆಗೂ.