ಚೌಕಾಸಿ ಮಾಡದೆ ಕೊಂಡ ಟವೆಲ್

ಆರ್.ಟಿ. ನಗರದಲ್ಲಿ ನಮ್ಮದೊಂದು ದಿನಸಿ ಅಂಗಡಿ. ಯಶವಂತಪುರದ ಮಂಡಿಗೆ ಹೋಗಿ ಬೇಳೆಗೆ, ಬೆಲ್ಲಕ್ಕೆ ಗಂಟಲು ಹರಿದುಕೊಂಡು ದರ ಇಳಿಸುವುದು ನನ್ನ ಕಸುಬು. ಆದರೆ ಈ ಚಟ ಮಂಡಿಯಲ್ಲೇ ಉಳಿಯುವಂಥದ್ದಲ್ಲ. ಸೊಪ್ಪಿನವಳ ಹತ್ತಿರ, ಆಟೋದವನ ಹತ್ತಿರ, ಒಮ್ಮೆ ಹಲ್ಲು ಕೀಳುವ ಡಾಕ್ಟರ ಹತ್ತಿರವೂ ಚೌಕಾಸಿ ಮಾಡಿದ್ದೇನೆ. ಆಗೆಲ್ಲ ನನ್ನ ಹೆಂಡತಿ ಸ್ವಲ್ಪ ದೂರ ನಿಂತು, ಈ ಮನುಷ್ಯ ಯಾರೋ ತನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ಬೀದಿ ನೋಡುತ್ತಿರುತ್ತಾಳೆ.

ಒಂದೇ ಒಂದು ಸಲ ನನ್ನ ಬಾಯಿಗೆ ಬೀಗ ಬಿದ್ದದ್ದು. ನಮ್ಮ ತಂದೆ ತೀರಿಕೊಂಡ ದಿನ ಬಿದಿರು, ಮಡಕೆ, ಬಿಳಿ ಬಟ್ಟೆ ತರಲು ಯಲಹಂಕದ ಹಳೇ ಪೇಟೆಗೆ ಹೋಗಿದ್ದೆ. ಜೊತೆಗೆ ನನ್ನ ಮಾವ, ಅಂದರೆ ಹೆಂಡತಿಯ ತಂದೆ. ಅಂಥ ಹೊತ್ತಿನಲ್ಲೂ ಅಭ್ಯಾಸಬಲದಿಂದ ನಾನು ಬಟ್ಟೆಯವನ ಜೊತೆ ಶುರು ಹಚ್ಚಿಕೊಂಡೆ. ಮಾವ ಮೆಲ್ಲಗೆ ನನ್ನ ಕೈ ಹಿಡಿದರು.

"ಇದುಕ್ಕೆ ಚೌಕಾಸಿ ಮಾಡ್ಬಾರ್ದು ಅಳಿಯಂದ್ರೆ. ಕೇಳ್ದಷ್ಟು ಕೊಟ್ಬುಟ್ಟು ನಡೀರಿ."

ಈ ಪ್ರಸಂಗ ಮನೆಯಲ್ಲಿ ಎಲ್ಲರಿಗೂ ಗೊತ್ತು. ತನ್ನ ಅಪ್ಪನೊಬ್ಬನೇ ನನ್ನ ಬಾಯಿ ಮುಚ್ಚಿಸಿದವನು ಎಂದು ಹೆಂಡತಿ ಆಗಾಗ ಆಡಿಕೊಳ್ಳುತ್ತಿದ್ದಳು.

ಹೋದ ವರ್ಷ ಅಡುಗೆ ಎಣ್ಣೆಯ ಕಂಪನಿಯವರು ಹೆಚ್ಚು ಮಾಲು ಎತ್ತಿದ ಅಂಗಡಿಯವರನ್ನು ಜೋಡಿಜೋಡಿಯಾಗಿ ಬ್ಯಾಂಕಾಕಿಗೆ ಕರೆದುಕೊಂಡು ಹೋದರು. ನಮ್ಮಿಬ್ಬರಿಗೂ ಅದೇ ಮೊದಲ ವಿಮಾನ. ಹೊರಡುವ ಮುಂಚೆ ಪುಟ್ಟೇನಹಳ್ಳಿಗೆ ಹೋಗಿ ಮಾವನಿಗೆ ಹೇಳಿ ಬಂದೆವು. ಕೆರೆಯ ಪಕ್ಕದ ಅವರ ಹೊಲವೆಲ್ಲ ಲೇಔಟ್ ಆಗಿತ್ತು, ಮಗ ಮಹಡಿ ಮನೆ ಎಬ್ಬಿಸಿದ್ದ. ಮಾವನ ಹೆಗಲ ಮೇಲಿನ ಚೌಕಳಿ ಟವೆಲ್ ಮಾತ್ರ ಹಾಗೇ ಇತ್ತು. ಏನು ತರಲಿ ಎಂದು ಮಗಳು ಕೇಳಿದರೆ, ನನಗೆ ಏನೂ ಬೇಡ, ಹುಷಾರಾಗಿ ಬನ್ನಿ ಎಂದು ಆ ಟವೆಲಿನಲ್ಲೇ ಬಾಯಿ ಒರೆಸಿಕೊಂಡರು.

ವಾಪಸು ಬರುವ ದಿನ ಬೆಳಿಗ್ಗೆ, ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ ಅವಳ ತಮ್ಮನ ಫೋನ್ ಬಂತು. ಮಾವ ಕೆರೆ ಸುತ್ತಿ ಬಂದು ಗೇಟಿನ ಪಕ್ಕದ ಕಲ್ಲು ಬೆಂಚಿನ ಮೇಲೆ ಕೂತರಂತೆ. ಕಾಫಿ ತಂದ ಸೊಸೆ ಕರೆದಾಗ ಓಗೊಡಲಿಲ್ಲವಂತೆ.

"ಬಾವ, ಅಕ್ಕಂಗೆ ಅಲ್ಲಿ ಹೇಳ್ಬೇಡಿ. ನೀವ್ ಬರೋವರ್ಗೂ ಅಪ್ಪನ್ನ ಎತ್ತಲ್ಲ," ಎಂದು ಅವನು ಅಳುತ್ತಲೇ ಫೋನ್ ಇಟ್ಟ.

ನಾನು ಕೆಳಗೆ ಓಡಿ ಟೂರಿನವನನ್ನು ವಿಚಾರಿಸಿದೆ. ಇನ್ಯಾವ ವಿಮಾನದಲ್ಲೂ ಸೀಟಿರಲಿಲ್ಲ, ರಾತ್ರಿಯ ನಮ್ಮ ವಿಮಾನವೇ ಗತಿ. ರೂಮಿಗೆ ಬಂದರೆ ಅವಳು ತಲೆ ಬಾಚಿಕೊಳ್ಳುತ್ತ, ಇವತ್ತು ಪೂರ್ತಿ ಶಾಪಿಂಗ್, ನೀವು ಗೊಣಗಬಾರದು ಎಂದಳು. ಬಾಯಿಯ ತನಕ ಬಂದದ್ದನ್ನು ನುಂಗಿಕೊಂಡೆ. ಗುರುತು ಪರಿಚಯ ಇಲ್ಲದ ಊರಿನ ಹೋಟೆಲಿನಲ್ಲಿ ಗೋಡೆ ನೋಡಿಕೊಂಡು ಅವಳು ಇಡೀ ದಿನ ಅಳುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ತಗಡಿನ ಚಾವಣಿಯ ದೊಡ್ಡ ಮಾರುಕಟ್ಟೆ. ಒಂದು ಓಣಿಯಲ್ಲಿ ಒಣಗಿಸಿದ ಮೀನು, ಅದರಾಚೆ ಚಪ್ಪಲಿ, ಅದರಾಚೆ ಬಟ್ಟೆ. ಭಾಷೆ ಬಾರದಿದ್ದರೂ ವ್ಯಾಪಾರಕ್ಕೆ ತೊಂದರೆಯಿಲ್ಲ. ಅವರು ಕ್ಯಾಲ್ಕ್ಯುಲೇಟರಿನಲ್ಲಿ ಬೆಲೆ ಒತ್ತಿ ತೋರಿಸುತ್ತಾರೆ, ನಾವು ಅದನ್ನು ಅಳಿಸಿ ನಮ್ಮದನ್ನು ಒತ್ತಬೇಕು. ನಾನು ಒತ್ತಿದೆ. ನಮ್ಮ ಮಗಳಿಗೆ ಕೊಂಡ ಚಪ್ಪಲಿಗೂ ಒತ್ತಿದೆ, ನಾದಿನಿಗೆ ಕೊಂಡ ಬ್ಯಾಗಿಗೂ ಒತ್ತಿದೆ. ಬೇಡ ಎಂದು ಮುಂದೆ ಹೋದ ಹಾಗೆ ಮಾಡಿ, ಅವರು ಕೂಗಿದ ಮೇಲೆ ತಿರುಗಿ ಬಂದೆ. ಸುಮ್ಮನಿದ್ದರೆ ಅವಳಿಗೆ ಅನುಮಾನ ಬರುತ್ತದೆ ಎಂಬ ಹೆದರಿಕೆಗೆ ಎಂದಿಗಿಂತ ಜೋರಾಗಿಯೇ ಜಗಳ ಕಾಯ್ದೆ. ಅವಳು ಯಥಾಪ್ರಕಾರ ದೂರ ನಿಂತು ನಕ್ಕಳು.

ಚೀಲ ತುಂಬುತ್ತ ಹೋದ ಹಾಗೆ ನನ್ನ ಭಯವೂ ಹೆಚ್ಚಿತು. ಸೂತಕದಲ್ಲಿ ಹೊಸದು ಕೊಳ್ಳುವ ಪೈಕಿ ಅಲ್ಲ ಅವಳು. ನಾಳೆ ತಿಳಿದ ಮೇಲೆ ಈ ಒಂದೊಂದು ಸಾಮಾನೂ ಅವಳನ್ನು ಚುಚ್ಚುತ್ತದೆ. ಅಪ್ಪ ಅಲ್ಲಿ ಐಸ್ ಪೆಟ್ಟಿಗೆಯಲ್ಲಿ ಮಲಗಿದ್ದಾಗ ನಾನು ಇಲ್ಲಿ ಕ್ಲಿಪ್ಪು ಆರಿಸುತ್ತಿದ್ದೆನಲ್ಲ ಎಂದು ಕೊರಗುತ್ತಾಳೆ. ಸಾಕು, ಹೋಗೋಣ ಎಂದೆ. ಇನ್ನೂ ಊಟದ ಹೊತ್ತೂ ಆಗಿಲ್ಲ ಎಂದಳು.

ಬಟ್ಟೆಯ ಓಣಿಯ ಕೊನೆಯಲ್ಲಿ ಒಬ್ಬ ಹೆಂಗಸು ಹತ್ತಿಯ ಟವೆಲ್ ಮಾರುತ್ತಿದ್ದಳು. ಕೆಂಪು ಬಿಳಿ ಚೌಕಳಿ, ಥೇಟು ನಮ್ಮ ಕಡೆಯದೇ. ಅಲ್ಲಿನ ಹಳ್ಳಿ ಗಂಡಸರೂ ಅದನ್ನು ಹೆಗಲಿಗೆ ಹಾಕುತ್ತಾರೋ ಏನೋ. ಹೆಂಡತಿ ಒಂದನ್ನು ಬಿಡಿಸಿ, ಎಳೆ ಹಿಡಿದು ನೋಡಿ, ಅಳತೆಗೆಂದು ನನ್ನ ಹೆಗಲ ಮೇಲೆ ಹಾಕಿದಳು. ಇದು ಅಪ್ಪನಿಗೆ, ಬೇಡ ಅಂದರೂ ಇದನ್ನು ನೋಡಿದರೆ ಬಿಡುವುದಿಲ್ಲ ಎಂದಳು.

ಅಂಗಡಿಯವಳು ಕ್ಯಾಲ್ಕ್ಯುಲೇಟರ್ ನನ್ನ ಮುಂದೆ ಹಿಡಿದಳು. ನಾನು ಜೇಬಿನಿಂದ ದುಡ್ಡು ತೆಗೆದು ಕೊಟ್ಟೆ. ಯೋಚನೆ ಮಾಡಿ ಕೊಟ್ಟದ್ದಲ್ಲ, ಕೈ ತಾನಾಗಿ ಹೋಯಿತು. ಅಂಗಡಿಯವಳಿಗೇ ಆಶ್ಚರ್ಯವಾಗಿರಬೇಕು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು.

ತಿರುಗಿ ನೋಡಿದರೆ ಹೆಂಡತಿ ಬೀದಿ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಚೌಕಾಸಿ ಮಾಡ್ಲಿಲ್ಲ ನೀವು," ಎಂದಳು.

ಸುಸ್ತಾಗಿದೆ, ಅದಕ್ಕೆ ಎಂದು ಏನೋ ತೊದಲಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಟವೆಲನ್ನು ನನ್ನ ಹೆಗಲಿನಿಂದ ಇಳಿಸಿ ಎದೆಗೆ ಅವಚಿಕೊಂಡಳು.

"ಎತ್ತಿಲ್ಲ ತಾನೇ?"

ಇಲ್ಲ, ನಿನಗೆ ಕಾಯುತ್ತಿದ್ದಾರೆ ಎಂದೆ. ಅವಳು ಅಲ್ಲೇ ಬಟ್ಟೆಯ ಗಂಟಿನ ಮೇಲೆ ಕುಸಿದಳು. ಅಂಗಡಿಯವಳು ಏನೂ ಕೇಳದೆ ನೀರಿನ ಬಾಟಲಿ ತಂದು ಕೈಗಿಟ್ಟಳು. ಉಳಿದ ಸಾಮಾನನ್ನೆಲ್ಲ ಆ ಅಂಗಡಿಯವಳ ಕಾಲ ಬಳಿಯೇ ಬಿಟ್ಟು ಎದ್ದೆವು.

ಮಾರನೆಯ ಬೆಳಿಗ್ಗೆ ಏರ್‌ಪೋರ್ಟಿನಿಂದ ನೇರ ಪುಟ್ಟೇನಹಳ್ಳಿಗೆ ಹೋದೆವು. ಮಾವನ ಹೆಗಲು ಬರಿದಾಗಿತ್ತು, ಯಾರೋ ಹಳೇ ಟವೆಲ್ ತೆಗೆದಿಟ್ಟಿದ್ದರು. ಹೆಂಡತಿ ಹೊಸದನ್ನು ಅವರು ಮಡಿಸುತ್ತಿದ್ದ ಹಾಗೆಯೇ ಮಡಿಸಿ ಹೆಗಲ ಮೇಲಿಟ್ಟಳು. ತಲೆದೆಸೆಯಲ್ಲಿ ಕೂತಿದ್ದ ಅವಳ ದೊಡ್ಡಮ್ಮ ಅಂಚು ಮುಟ್ಟಿ ನೋಡಿ, "ಫಾರಿನ್ನುದ್ದಾ? ಎಷ್ಟಾಯ್ತವ್ವ?" ಎಂದು ಕೇಳಿದರು.

"ಕೇಳಿದಷ್ಟು ಕೊಟ್ವಿ ದೊಡ್ಡಮ್ಮ," ಎಂದಳು.