ಗಂಟೆಗೋಪುರ ಮುಚ್ಚಿಸಿದ ಬೇಸಿಗೆ

ಕೋವಿಡ್ ಮುಗಿದ ಮೇಲಿನ ಎರಡನೆಯ ಬೇಸಿಗೆ ಅದು. ಡೆಟ್ರಾಯಿಟ್‌ನ ಉತ್ತರದ ಊರುಗಳಲ್ಲಿ ಹಳೆಯ ಕಟ್ಟಡಗಳನ್ನು ಪರೀಕ್ಷಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಸೀನಿಯರ್ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದೆ. ನಿವೃತ್ತಿ ಹತ್ತಿರವಿತ್ತು. ಆಗಲೂ ದಿನಚರಿ ಬರೆಯುತ್ತಿದ್ದೆ. ಈಗ ತೆರೆದು ನೋಡಿದರೆ ಕಲ್ಲಿನ ಬಿರುಕು, ಗಾಳಿ, ಬಿಸಿಲು ಎಲ್ಲವೂ ಅದರಲ್ಲಿವೆ. ಜನ ಆಡಿದ ಮಾತು ಬಹಳ ಕಡಿಮೆ. ಹಾಗಾಗಿ ಇಲ್ಲಿ ಬರುವ ಮಾತುಗಳನ್ನು ಒಬ್ಬಳ ನೆನಪು ಎಂದಷ್ಟೇ ಓದಿಕೊಳ್ಳಬೇಕು. ನನ್ನ ನೆನಪು ನನ್ನ ಪರವಾಗಿ ವಾದಿಸುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ವಾರೆನ್‌ನಿಂದ ರಾಚೆಸ್ಟರ್ ಹಿಲ್ಸ್ ಕಡೆಗೆ ಬರುವಾಗ ಸಿಗುವ ಒಂದು ಚರ್ಚು. ಅದರ ಕಲ್ಲಿನ ಗೋಪುರದಲ್ಲಿ ಕ್ಯಾರಿಲಾನ್ ಇತ್ತು. ಚಿಕ್ಕ ದೊಡ್ಡ ಗಂಟೆಗಳನ್ನು ಉಕ್ಕಿನ ಚೌಕಟ್ಟಿಗೆ ಅಲುಗಾಡದಂತೆ ಬಿಗಿದು, ಒಳಗಿನ ನಾಲಿಗೆಗಳಿಗೆ ತಂತಿ ಕಟ್ಟಿ, ಅವುಗಳ ಕೆಳಗೇ, ಗೋಪುರದೊಳಗಿನ ಒಂದು ಗೂಡಿನಂಥ ಕೋಣೆಯಿಂದ ನುಡಿಸುವ ವಾದ್ಯ ಅದು. ಹಾರ್ಮೋನಿಯಂನಲ್ಲಿರುವಂಥ ಕೀಗಳಿರುತ್ತವೆ, ಆದರೆ ಅವು ಮರದ ಹಿಡಿಗಳು. ಬೆರಳಿಂದ ಒತ್ತುವಂತಿಲ್ಲ, ಮುಷ್ಟಿ ಕಟ್ಟಿ ಹೊಡೆಯಬೇಕು. ಪ್ರತಿ ಬೇಸಿಗೆಯಲ್ಲೂ ವಾರಕ್ಕೊಂದು ಸಂಜೆ ಅಲ್ಲಿ ಬಯಲು ಸಂಗೀತ ಕಛೇರಿ ನಡೆಯುತ್ತಿತ್ತು. ಜನ ಮಡಚುವ ಕುರ್ಚಿ ತಂದು ಗೋಪುರದ ಬುಡದ ಹುಲ್ಲಿನ ಮೇಲೆ ಕೂರುತ್ತಿದ್ದರು.

ಗಂಟೆ ನುಡಿಸುತ್ತಿದ್ದವರು ಮಾರ್ಗರೆಟ್ ಎಂಬ ಹಿರಿಯ ಹೆಂಗಸು. ಮಣಿಕಟ್ಟಿನ ಸಂಧಿವಾತ ಹೆಚ್ಚಾಗಿ, ಈ ಬೇಸಿಗೆಯೇ ಕೊನೆ ಎಂದು ಚರ್ಚಿನಲ್ಲಿ ಹೇಳಿಬಿಟ್ಟಿದ್ದರು. ಅವರ ಗಂಡ ಡಾನ್ ಒಂದು ಕಾರು ಕಂಪನಿಯಲ್ಲಿ ಕಾರಿನ ಹೊರಮೈ ರೂಪಿಸುವ ಬಾಡಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಚರ್ಚಿನ ಕಟ್ಟಡದ ಉಸ್ತುವಾರಿ ಅವರದು. ಕಛೇರಿಗಳ ಸರಣಿ ಶುರುವಾಗಲು ಕೆಲವೇ ವಾರಗಳಿದ್ದಾಗ, ಹುಲ್ಲು ಕತ್ತರಿಸಲು ಬಂದವರಿಗೆ ಗೋಪುರದ ಬುಡದಲ್ಲಿ ಅಂಗೈಯಗಲದ ಕಲ್ಲಿನ ಚೂರು ಸಿಕ್ಕಿತು. ಡಾನ್ ನಮಗೆ ಫೋನ್ ಮಾಡಿದರು.

ನಾನೂ ನನ್ನ ಸಹೋದ್ಯೋಗಿ ಇಮ್ತಿಯಾಜ್ ಅವರೂ ಉದ್ದ ತೋಳಿನ ತುದಿಯ ತೊಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಬೂಮ್ ಲಿಫ್ಟ್ ಏರಿ ನಾಲ್ಕು ಮುಖಗಳನ್ನೂ ಪರೀಕ್ಷಿಸಿದೆವು. ವಿಧಾನ ಹಳೆಯದು: ಸಣ್ಣ ಸುತ್ತಿಗೆಯಿಂದ ಕಲ್ಲು ತಟ್ಟಿ ಕೇಳುವುದು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಹಿಂದಿನ ಆಸರೆಯಿಂದ ಬಿಟ್ಟುಕೊಂಡ ಕಲ್ಲು ಬದ್ದ್ ಎನ್ನುತ್ತದೆ. ಗಂಟೆಗಳಿದ್ದ ಅಂತಸ್ತಿನಲ್ಲಿ, ಮೂಲೆಗಳ ಹತ್ತಿರ, ಬದ್ದ್ ಎಂಬ ಸದ್ದೇ ಹೆಚ್ಚಾಗಿತ್ತು. ಒಂದೆರಡು ಕಲ್ಲು ಹೊರಕ್ಕೆ ಜರುಗಿದ್ದವು. ಒಳಗಿನ ಉಕ್ಕು ತುಕ್ಕು ಹಿಡಿದರೆ ಉಬ್ಬುತ್ತದೆ. ಉಬ್ಬಿ ಕಲ್ಲನ್ನು ಹೊರಕ್ಕೆ ನೂಕುತ್ತದೆ. ಅದೇ ಉಕ್ಕಿನ ಮೇಲೆ ಗಂಟೆಗಳ ಭಾರವೂ ಇತ್ತು.

ಕೆಳಗಿಳಿದು ಕಾರಿನ ಹತ್ತಿರ ಬಂದಾಗ ಇಮ್ತಿಯಾಜ್ ಹೆಲ್ಮೆಟ್ ತೆಗೆದು ತಲೆ ಒರೆಸಿಕೊಂಡರು. ಅವರು ಗದಗಿನವರು.

“ಏನ್ ಬರೀತೀರಿ, ಮೇಡಂ?”

“ಬಂದ್ ಮಾಡ್ಬೇಕು ಅಂತ. ಇನ್ನೇನ್ ಬರೀಲಿ?”

“ಆತು ಬಿಡ್ರಿ. ನೀವು ಮೈಸೂರಿನ ಐನೋರ ಮಗಳು, ನಾ ಗದಗಿನ ಸಾಬ. ಇಬ್ರೂ ಕೂಡಿ ಚರ್ಚಿನ ಗಂಟಿ ಬಂದ್ ಮಾಡ್ಸಿದ್ರು ಅಂತ ಊರೆಲ್ಲಾ ಸುದ್ದಿ ಆಗ್ತದ. ಮುಂದ ಒಂದ್ ಕೋಳಿಗೂಡು ನೋಡ್ಲಿಕ್ಕೂ ನಮ್ಮನ್ನ ಕರಿಯಂಗಿಲ್ಲ.”

“ತಮಾಷೆ ಸಾಕು. ನಿಮಗೇನನ್ಸುತ್ತೆ ಹೇಳಿ.”

“ನನಗೂ ಅದ ಅನಸ್ತದ್ರೀ. ಅದಕ್ಕ ನಗಾಕತ್ತೀನಿ.”

ಮರುದಿನ ಚರ್ಚಿನ ನೆಲಮಾಳಿಗೆಯ ಹಾಲ್‌ನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ವಿಷಯ ಹೇಳಿದೆ. ಅವರ ಇಂಗ್ಲಿಷ್ ಮಾತುಗಳನ್ನು ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ. ಡಾನ್ ತಕ್ಷಣ ಉಪಾಯ ಹುಡುಕಿದರು. ಕುರ್ಚಿಗಳನ್ನು ಪಾರ್ಕಿಂಗ್ ಲಾಟಿನ ಆಚೆ ಹಾಕೋಣ, ಹುಲ್ಲಿನ ಸುತ್ತ ಬೇಲಿ ಕಟ್ಟೋಣ ಎಂದರು. ಕೇಳುಗರ ಮಟ್ಟಿಗೆ ಅದು ಸರಿಯಾದ ಉಪಾಯವೇ.

“ನುಡಿಸುವವರು?” ಎಂದೆ.

ಮಾರ್ಗರೆಟ್ ಉತ್ತರಿಸಿದರು: “ನುಡಿಸುವವಳು ಮೇಲೇ ಇರ್ತಾಳೆ. ಈ ಬೇಸಿಗೆ ಬಿಟ್ಟರೆ ಈ ಕೈಗೆ ಇನ್ನೊಂದು ಬೇಸಿಗೆ ಇಲ್ಲ. ಏನಾದ್ರೂ ಆದ್ರೆ ನನ್ನ ಜವಾಬ್ದಾರಿ ಅಂತ ಬೇಕಾದ್ರೆ ಬರೆದುಕೊಡ್ತೀನಿ. ನಾನು ಎಲ್ಲಿ ಸಾಯ್ಬೇಕು ಅಂತ ನಿಮ್ಮನ್ನ ಕೇಳ್ಬೇಕಾ?”

“ನಾನು ವರದಿಗೆ ಸಹಿ ಹಾಕೋ ಗೋಪುರದಲ್ಲಿ ಬೇಡ,” ಎಂದೆ.

ಹೀಗೇ ಹೇಳಿದೆನೇ? ಇಷ್ಟು ಒರಟಾಗಿ ಹೇಳಿರಲಿಕ್ಕಿಲ್ಲ ಎಂದು ಅನ್ನಿಸುತ್ತದೆ. ಆದರೆ ಇಮ್ತಿಯಾಜ್ ಹೇಳುವ ಪ್ರಕಾರ ಹೀಗೇ ಹೇಳಿದ್ದು. ಆ ಕ್ಷಣ ನಾನು ಯೋಚಿಸುತ್ತಿದ್ದದ್ದು ಅವರ ಜೀವದ ಬಗ್ಗೆಯೋ ನನ್ನ ಲೈಸೆನ್ಸಿನ ಬಗ್ಗೆಯೋ ಎಂದು ಯಾರಾದರೂ ಕೇಳಿದರೆ, ಎರಡೂ ಎನ್ನುವುದಕ್ಕಿಂತ ಹೆಚ್ಚು ಪ್ರಾಮಾಣಿಕವಾದ ಉತ್ತರ ನನ್ನಲ್ಲಿಲ್ಲ.

ಡಾನ್ ಪಟ್ಟು ಬಿಡಲಿಲ್ಲ. “ಆ ಗೋಪುರದೊಳಗೆ ಒಂದು ಹನಿ ನೀರು ಹೋಗೋಕೆ ಸಾಧ್ಯವಿಲ್ಲ. ನಾನೇ ಸೀಲ್ ಮಾಡಿದ್ದು. ಬನ್ನಿ, ತೋರಿಸ್ತೀನಿ,” ಎಂದು ನನ್ನ ಜೊತೆ ಲಿಫ್ಟ್ ಹತ್ತಿದರು. ಹೋಗುತ್ತಾ ಹೇಳಿದರು: ಕೆಲವು ವರ್ಷಗಳ ಹಿಂದೆ ಮಾರ್ಗರೆಟ್ ಕೂರುವ ಕೋಣೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಹೆಂಡತಿ ನೆನೆಯಬಾರದೆಂದು ತಾವೂ ಕಾರು ಕಂಪನಿಯ ತಮ್ಮ ಹಳೆಯ ಗೆಳೆಯರೂ ಸೇರಿ, ಕಾರಿನ ಮೈಯ ಸಂದು ಮುಚ್ಚಲು ಹಾಕುವ ಒಳ್ಳೆಯ ಸೀಲೆಂಟ್ ತಂದು, ಗೋಪುರದ ಸಂದುಗಳನ್ನೆಲ್ಲ ಮೆತ್ತಿದ್ದರು. ಸೋರುವುದು ನಿಂತಿತ್ತು. ಭಾನುವಾರದ ಪ್ರಾರ್ಥನೆಯ ನಂತರ ಎಲ್ಲರೂ ಅವರಿಗೆ ಚಪ್ಪಾಳೆ ತಟ್ಟಿದ್ದರಂತೆ.

ಕೆಲಸ ನಿಜವಾಗಿಯೂ ಅಚ್ಚುಕಟ್ಟಾಗಿತ್ತು. ಒಂದೂ ಸಂದು ಬಿಟ್ಟಿರಲಿಲ್ಲ. ಪ್ರತಿ ಅಂತಸ್ತಿನ ಬುಡದಲ್ಲಿ, ಕಲ್ಲಿನ ಹಿಂದೆ ಸೇರಿದ ನೀರು ಹೊರಗೆ ಹೋಗಲೆಂದು ಕಟ್ಟಿದವರು ಬಿಟ್ಟಿದ್ದ ಸಣ್ಣ ತೂತುಗಳಿದ್ದವು. ಅವನ್ನೂ ಬಿಟ್ಟಿರಲಿಲ್ಲ. ಕಲ್ಲು ಸ್ವಲ್ಪವಾದರೂ ನೀರು ಕುಡಿಯುತ್ತದೆ, ಅದನ್ನು ಯಾವ ಸೀಲೆಂಟೂ ತಡೆಯಲಾರದು. ನಾನು ಚಾಕುವಿನಿಂದ ಒಂದು ತೂತಿನ ಮೇಲಿನ ಸೀಲೆಂಟ್ ಕೊಯ್ದೆ. ಕಂದು ಬಣ್ಣದ ನೀರು ಇಳಿಯತೊಡಗಿತು. ಮಳೆ ಬಿದ್ದು ಬಹಳ ದಿನಗಳಾಗಿದ್ದವು. ನೀರು ಮಾತ್ರ ನಿಲ್ಲಲಿಲ್ಲ, ಗೋಡೆಯುದ್ದಕ್ಕೂ ಹರಿಯುತ್ತಲೇ ಇತ್ತು.

ಡಾನ್ ಅದನ್ನು ನೋಡುತ್ತಾ ನಿಂತರು. ಆಮೇಲೆ ಹೇಳಿದರು: “ಕಾರಿನ ಬಾಗಿಲ ಒಳಗೆ ನೀರು ಹೋಗೇ ಹೋಗುತ್ತೆ. ಅದಕ್ಕೆ ಕೆಳಗೆ ತೂತು ಬಿಡ್ತೀವಿ. ತೂತು ಮರೆತ ಡ್ರಾಯಿಂಗ್ ತಂದವರನ್ನ ನಾನು ಮೀಟಿಂಗ್‌ನಲ್ಲೇ ಉಗೀತಿದ್ದೆ.”

ಈ ತುಕ್ಕು ನೀವು ಸೀಲ್ ಮಾಡುವ ಮೊದಲೇ ಶುರುವಾಗಿರಬೇಕು, ಎಷ್ಟು ಪಾಲು ಯಾವುದರಿಂದ ಎಂದು ಯಾರೂ ಹೇಳಲಾರರು ಎಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ, ನಿಜವೇ. ಅವರು ಕೈಯಾಡಿಸಿ ತಳ್ಳಿಹಾಕಿದರು. “ಕೆಳಗಿಳಿಸಿ. ಅವಳಿಗೆ ನಾನೇ ಹೇಳ್ತೀನಿ. ಬಂದ್ ಮಾಡಿ.”

ಮಾರ್ಗರೆಟ್ ಹುಲ್ಲಿನ ಮೇಲೆ ಕಾಯುತ್ತಿದ್ದರು. ಡಾನ್ ಹತ್ತಿರ ಹೋಗಿ ಮಾತಾಡಿದರು. ದೂರದಲ್ಲಿದ್ದ ನನಗೆ ಕೇಳಿಸಲಿಲ್ಲ. ಮಾರ್ಗರೆಟ್ ಮುಷ್ಟಿ ಕಟ್ಟಿ ಗಂಡನ ಎದೆಗೆ ಒಂದು ಸಲ ಹೊಡೆದದ್ದು ಕಂಡಿತು. ಸಿಟ್ಟಿನಿಂದಲೋ ಇನ್ನು ಸುಮ್ಮನಿರು ಎನ್ನುವುದಕ್ಕೋ ನನಗೆ ಗೊತ್ತಾಗಲಿಲ್ಲ. ಅದನ್ನು ಅನೇಕರಿಗೆ ಹೇಳಿದ್ದೇನೆ. ಒಬ್ಬೊಬ್ಬರಿಗೆ ಒಂದೊಂದು ಥರ ಹೇಳಿದ್ದೇನೆ ಎಂಬ ಅನುಮಾನವಿದೆ.

ಸರಣಿ ರದ್ದಾಯಿತು. ಕಲ್ಲು ಬಿಚ್ಚಿದಾಗ ಒಳಗಿನ ಮೂಲೆಗಂಬಗಳ ಉಕ್ಕು ಚಿರೋಟಿಯಂತೆ ಪದರ ಪದರವಾಗಿ ಏಳುತ್ತಿತ್ತು, ಉಗುರಿನಿಂದ ಕೀಳಬಹುದಿತ್ತು. ಹಾಗಿದ್ದೂ, ಗೋಪುರ ಆ ಬೇಸಿಗೆಯೇ ಬೀಳುತ್ತಿತ್ತು ಎಂದು ನಾನು ಆಣೆ ಮಾಡಿ ಹೇಳಲಾರೆ. ಇನ್ನೂ ಕೆಲವು ಸಂಜೆ ತಡೆದುಕೊಳ್ಳುತ್ತಿತ್ತೋ ಏನೋ. ಕ್ರೇನ್ ತರಿಸಿ ಗಂಟೆಗಳನ್ನು ಇಳಿಸಿದರು. ಅವು ಬಹಳ ಕಾಲ ಪಾರ್ಕಿಂಗ್ ಲಾಟಿನಲ್ಲಿ ಟಾರ್ಪಾಲಿನ ಕೆಳಗೆ ಬಿದ್ದಿದ್ದವು. ಅವು ಕಣ್ಣಿಗೆ ಬೀಳದಿರಲೆಂದು ನಾನು ಆ ರಸ್ತೆ ಬಿಟ್ಟು ಹೆದ್ದಾರಿಯಿಂದ ಬೇರೆ ಎಕ್ಸಿಟ್ ಹಿಡಿಯುತ್ತಿದ್ದೆ.

ರಿಪೇರಿ ಮುಗಿದು ಮತ್ತೆ ಕಛೇರಿ ಶುರುವಾದದ್ದು ಎರಡು ವರ್ಷಗಳ ನಂತರ. ಆ ವೇಳೆಗೆ ನನಗೆ ನಿವೃತ್ತಿಯಾಗಿತ್ತು. ಮೊದಲ ಸಂಜೆ ಹೋದೆ. ಹೊಸಬರೊಬ್ಬರು ನುಡಿಸುತ್ತಿದ್ದರು. ಮಾರ್ಗರೆಟ್ ಜನರ ನಡುವೆ ಮಡಚುವ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು. ಡಾನ್ ಹಿಂದಿನ ಚಳಿಗಾಲದಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರೆಂದು ನನಗೆ ಅಲ್ಲೇ ತಿಳಿದದ್ದು. ಮಾರ್ಗರೆಟ್ ಪಕ್ಕದಲ್ಲಿ ಕೂತೆ. ಒಂದು ಕೃತಿ ಮುಗಿದಾಗ ಕಾರಿನಲ್ಲೇ ಕೂತು ಕೇಳುತ್ತಿದ್ದವರು ಮೆಚ್ಚಿಗೆಗೆ ಹಾರ್ನ್ ಹೊಡೆದರು. ಇಲ್ಲಿ ಅದು ರೂಢಿ.

“ಕೆಳಗೆ ಕೂತು ಕೇಳ್ತಿರೋದು ಇದೇ ಮೊದಲು,” ಎಂದರು ಮಾರ್ಗರೆಟ್. “ದೊಡ್ಡ ಗಂಟೆಗಳು ಉಳಿದದ್ದನ್ನೆಲ್ಲ ನುಂಗಿಬಿಡ್ತವೆ. ಪ್ರತಿ ಸಲ ಇಳಿದು ಬಂದು ಹೇಗಿತ್ತು ಅಂತ ಡಾನ್‌ನ ಕೇಳ್ತಿದ್ದೆ. ಚೆನ್ನಾಗಿತ್ತು ಅಂತಿದ್ದ, ಸುಳ್ಳ.”

ಅವತ್ತಿನ ಕೋಪ ಇನ್ನೂ ಇದೆಯೇ ಎಂದು ಕೇಳಿದೆ.

“ನಿಮ್ಮ ಮೇಲಾ? ಇದೆ, ಸ್ವಲ್ಪ.” ಮತ್ತೆ ಗಂಟೆ ಶುರುವಾಗಿತ್ತು, ಅವರು ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದರು: “ಅವನು ಊಟಕ್ಕೆ ಕೂತಾಗಲೆಲ್ಲ ಸಾರಿ ಕೇಳ್ತಿದ್ದ. ಕೋಪದಲ್ಲಿ ನಾನು ಉತ್ತರ ಕೊಡ್ತಿರಲಿಲ್ಲ. ಸಾಕು ಬಿಡು ಅನ್ನೋಣ ಅಂದುಕೊಳ್ಳೋ ಹೊತ್ತಿಗೆ ಹೋಗಿಬಿಟ್ಟ.”

ಅಪಾಯದ ಕಟ್ಟಡವನ್ನು ಮುಚ್ಚಿಸಿದ ದಿನ ಎಂಜಿನಿಯರ್ ಕೆಲಸ ಮುಗಿಯುತ್ತದೆ ಎಂದು ನಾನು ಸೇವೆಯುದ್ದಕ್ಕೂ ನಂಬಿದ್ದೆ. ಈ ವೃತ್ತಿಗೆ ಬಂದ ಕಿರಿಯರು ಸಲಹೆ ಕೇಳಿದರೆ ಈಗ ಹೇಳುವುದಿಷ್ಟು: ಮುಚ್ಚಿಸಬೇಕಾದ್ದನ್ನು ಮುಚ್ಚಿಸಿ, ಹಿಂದೆಮುಂದೆ ನೋಡಬೇಡಿ. ಆ ಗೋಪುರವನ್ನು ನಾನು ಇವತ್ತೂ ಮುಚ್ಚಿಸುತ್ತೇನೆ. ಆದರೆ ಕೆಲವು ತಿಂಗಳು ಬಿಟ್ಟು, ಯಾರೂ ಕರೆಯದಿದ್ದರೂ, ಒಂದು ಸಲ ಅಲ್ಲಿಗೆ ಹೋಗಿ ಬನ್ನಿ. ತಪ್ಪೆಲ್ಲ ತಮ್ಮದೇ ಎಂದುಕೊಂಡವರು ಅಲ್ಲಿ ಯಾರಾದರೂ ಇರುತ್ತಾರೆ. ತುಕ್ಕು ಮೊದಲೇ ಶುರುವಾಗಿತ್ತು ಎಂಬಂಥ, ನಮಗೆ ಗೊತ್ತಿರುವ ನಿಜವನ್ನು ಅವರಿಗೆ ಇನ್ನೊಮ್ಮೆ, ಮನೆಯವರ ಎದುರಿಗೇ, ಹೇಳಬೇಕಾಗುತ್ತದೆ. ನಾನು ಹೋಗುವ ಹೊತ್ತಿಗೆ ಡಾನ್ ಇರಲಿಲ್ಲ.