ಪೋಸ್ಟ್‌ಮಾಸ್ತರರ ಮಹಾಯಂತ್ರ

ಮೇಲಿನ ಮನೆಯ ಪೋಸ್ಟ್‌ಮಾಸ್ತರರಿಗೆ ಐವತ್ತು ದಾಟಿದರೂ, ಬಾಲ್ಯದಲ್ಲಿ ಟೀವಿಯಲ್ಲಿ ಕಂಡ ಜಪಾನಿನ ದೈತ್ಯ ರೋಬೋ ಇನ್ನೂ ತಲೆಯಿಂದ ಇಳಿದಿಲ್ಲ. ಅದನ್ನು ಯಾರಾದರೂ ಕಾರ್ಟೂನ್ ಎಂದರೆ, ಅಂಚೆಚೀಟಿ ಹಚ್ಚದ ಲಕೋಟೆಯನ್ನು ನೋಡುವಂತೆ ನೋಡುತ್ತಾರೆ. ಸ್ಕೂಟರಿಗೂ “ಏಳು, ಮಹಾಯಂತ್ರ!” ಎಂದೇ ಆಜ್ಞೆ, ಅದು ಏಳದಿದ್ದರೆ ತಳ್ಳಲು ಕೆಳಮನೆಯ ನಾನು. “ಈಗಿನ ರೋಬೋಗಳಿಗೆ ತೂಕವೇ ಇಲ್ಲ ಸಾರ್, ನಮ್ಮದು ಹೆಜ್ಜೆ ಇಟ್ರೆ ಊರೇ ನಡುಗೋದು” ಎನ್ನುತ್ತಾರೆ. “ಇಲ್ಲಿ ನಡುಗೋದು ಇವರ ಗೊರಕೆಗೆ” ಎಂದು ಅವರ ಹೆಂಡತಿ ಒಳಗಿನಿಂದಲೇ ಒಗ್ಗರಣೆ ಹಾಕುತ್ತಾರೆ. ಪೋಸ್ಟ್‌ಮಾಸ್ತರರ ತಾಯಿಯಂತೂ ಕಾಲಿನ ಶಕ್ತಿ ಹೋದಮೇಲೆ ಮೆಟ್ಟಿಲಿಳಿಯುವುದನ್ನೇ ಬಿಟ್ಟಿದ್ದರು. “ಮೂಟೆ ಥರ ಹೊರಬೇಡ್ವೋ, ನಾಲ್ಕು ಜನ ನೋಡ್ತಾರೆ” ಎಂದು ಹಟ. ಕೊನೆಗೊಂದು ದಿನ ಮಗ ಬೆನ್ನು ಕೊಟ್ಟು ಕುಳಿತು, “ನಮ್ಮ ರೋಬೋನೂ ತಾನಾಗಿ ನಡೀತಿರಲಿಲ್ಲಮ್ಮ, ತಲೇಲಿ ಕೂತು ನಡೆಸೋರು ಬೇಕಿತ್ತು. ಹತ್ತು, ನಡೆಸು” ಎಂದರಂತೆ. ಈಗ ಸಂಜೆಯಾದರೆ ಮೆಟ್ಟಿಲ ಮೇಲಿಂದ “ಎಡಗಾಲು… ಬಲಗಾಲು… ಗೋಡೆ ನೋಡ್ಕೊಳೋ!” ಎಂಬ ಅಪ್ಪಣೆ ಕೇಳುತ್ತದೆ. ನಿನ್ನೆ ಪೋಸ್ಟ್‌ಮಾಸ್ತರರು ಏದುಸಿರು ಬಿಡುವುದನ್ನು ಕಂಡು ನೆರವಿಗೆ ಕೈ ಚಾಚಿದೆ. ಅವರ ಬೆನ್ನ ಮೇಲಿದ್ದ ತಾಯಿ ಕತ್ತು ನೆಟ್ಟಗೆ ಮಾಡಿಕೊಂಡು ಹೇಳಿದರು: “ಸ್ವಲ್ಪ ದಾರಿ ಬಿಡಪ್ಪ, ಇವನನ್ನ ನಾನು ಇಳಿಸ್ತಾ ಇದ್ದೀನಿ.”